ದಸರೆ ರಜೆಯಲ್ಲಿ ಒಬ್ಬಳೇ ಮಡಿಕೇರಿಗೆ ಬರಬಹುದೇ?

ಧಾರವಾಡದ ಟೀಚರ್:

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದ ಸಮೀಪದ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಕೊಡಗನ್ನು ಆಳಿದ ಹಾಲೇರಿ ಅರಸರ ಹೆಸರುಗಳನ್ನು ಮಕ್ಕಳಿಗೆ ಹೇಳಿಕೊಡುತ್ತಾ ಹದಿನಾರು ವರ್ಷ ಕಳೆದಿದ್ದರೂ ಅವರ ರಾಜಧಾನಿಯನ್ನು ನಾನೇ ನೋಡಿಲ್ಲ ಎಂಬುದು, ಈಚೆಗೆ ಹುಡುಗನೊಬ್ಬ ಎದ್ದು ನಿಂತು "ಟೀಚರ್, ನೀವು ಆ ಕೋಟಿ ನೋಡೀರೇನ್ರಿ?" ಎಂದು ಕೇಳಿದಾಗ ಮನಸ್ಸಿಗೆ ನಾಟಿತು. ಆದ್ದರಿಂದ ಈ ಬಾರಿ ಮಡಿಕೇರಿಗೆ ಬಂದೇ ಬರಬೇಕೆಂದು ನಿಶ್ಚಯಿಸಿದ್ದೇನೆ. ಜೊತೆಗೆ ಯಾರೂ ಇರುವುದಿಲ್ಲ.

ತೊಡಕು ಇರುವುದು ದಿನಗಳಲ್ಲಿ. ಕೇಳಿದವರೆಲ್ಲ ವಾರದ ನಡುವೆ ಹೋಗಿ, ಫೆಬ್ರುವರಿಯಲ್ಲಿ ಹೋಗಿ, ಹಬ್ಬದ ರಜೆಯಲ್ಲಿ ಮಾತ್ರ ಹೋಗಬೇಡಿ ಎನ್ನುತ್ತಾರೆ. ಆದರೆ ಶಿಕ್ಷಕರಿಗೆ ರಜೆ ಸಿಗುವುದೇ ಮಕ್ಕಳಿಗೆ ರಜೆ ಇರುವಾಗ, ಮಕ್ಕಳಿಗೆ ರಜೆ ಸಿಕ್ಕಾಗ ಅವರ ಅಪ್ಪ ಅಮ್ಮಂದಿರೂ ಕಾರು ಹತ್ತುತ್ತಾರೆ. ಹೀಗಾಗಿ ನನಗೆ ಇರುವುದು ದಸರೆಯ ವಾರ ಒಂದೇ. ಆಯುಧಪೂಜೆಯ ಹಿಂದಿನ ದಿನ ಬಂದು, ವಿಜಯದಶಮಿಯ ನಂತರ ಒಂದು ದಿನ ಉಳಿದು ಹೊರಡುವ, ಒಟ್ಟು ನಾಲ್ಕು ರಾತ್ರಿಗಳ ಯೋಚನೆ ಮಾಡಿದ್ದೇನೆ.

ನನಗೆ ವಾಹನ ಓಡಿಸಲು ಬಾರದು. ಮಾಂಸಾಹಾರ ಮಾಡುವುದಿಲ್ಲ. ಹೋದ ವರ್ಷ ಬೇರೊಂದು ಪ್ರವಾಸಿ ಊರಿನಲ್ಲಿ, ಮುಂಗಡ ಕೊಟ್ಟು ಕಾಯ್ದಿರಿಸಿದ್ದ ಲಾಡ್ಜಿನವರು ರಾತ್ರಿ ಎಂಟು ಗಂಟೆಗೆ "ಸಿಂಗಲ್ ಲೇಡೀಸ್‌ಗೆ ರೂಮ್ ಕೊಡುವುದಿಲ್ಲ" ಎಂದು ಚೀಲದೊಂದಿಗೆ ಹೊರಗೆ ನಿಲ್ಲಿಸಿದ ನೆನಪು ಇನ್ನೂ ಹಸಿಯಾಗಿದೆ. ಅದೇ ಪಾಡು ಮತ್ತೆ ಬರಬಾರದು. ಪಟ್ಟಣದೊಳಗೆ ಉಳಿಯುವುದು ಒಳ್ಳೆಯದೇ, ಹೊರಗೆ ಹೋಂಸ್ಟೇಯಲ್ಲಿಯೇ? ವಿಜಯದಶಮಿಯ ರಾತ್ರಿ ಹತ್ತು ಮಂಟಪಗಳ ಮೆರವಣಿಗೆಯಾದ ದಶಮಂಟಪ ನೋಡಲು ಹೆಂಗಸೊಬ್ಬಳು ಬೀದಿಯಲ್ಲಿ ನಿಲ್ಲಬಹುದೇ? ಜಾಲತಾಣಗಳಲ್ಲಿ ಕಾಣುವ ಇಪ್ಪತ್ತು ಸ್ಥಳಗಳಲ್ಲಿ ಯಾವುದನ್ನು ಬಿಡಬೇಕು? ಅಲ್ಲಿಯೇ ವಾಸಿಸುವವರು ಉತ್ತರಿಸಿದರೆ ಉಪಕಾರವಾಗುತ್ತದೆ.

ಮಹದೇವಪೇಟೆಯವ:

ಮೇಡಂ, ನಮಸ್ಕಾರ. ನಾನು ಹುಟ್ಟಿ ಬೆಳೆದದ್ದು ಮಹದೇವಪೇಟೆಯಲ್ಲಿ, ಅಂಗಡಿ ಇರುವುದೂ ಅಲ್ಲಿಯೇ. ನಿಮಗೆ ಸಲಹೆ ಕೊಟ್ಟವರು ಸುಳ್ಳು ಹೇಳಿಲ್ಲ. ಆ ಮೂರು ನಾಲ್ಕು ದಿನ ಕುಶಾಲನಗರದಿಂದ ಸುಂಟಿಕೊಪ್ಪದ ಮೇಲೆ ಹತ್ತಿ ಬರುವ ರಸ್ತೆಯಲ್ಲಿ ಕಾರುಗಳು ಒಂದರ ಬಾಲ ಒಂದು ಹಿಡಿದು ತೆವಳುತ್ತವೆ. ನಮ್ಮ ಮನೆಯಿಂದ ತಿಮ್ಮಯ್ಯ ವೃತ್ತಕ್ಕೆ ನಡೆದರೆ ಹದಿನೈದು ನಿಮಿಷ ಸಾಕು, ಅದೇ ದಾರಿಗೆ ಕಾರಿನಲ್ಲಿ ಮುಕ್ಕಾಲು ಗಂಟೆ ಹಿಡಿದದ್ದನ್ನು ನಾನೇ ಅನುಭವಿಸಿದ್ದೇನೆ.

ಆದರೆ ಒಂದು ವಿಷಯವನ್ನು ಹೊರಗಿನವರು ಯಾರೂ ಹೇಳುವುದಿಲ್ಲ. ನಮ್ಮೂರಿನ ದಟ್ಟಣೆಯಲ್ಲಿ ಬಹುಪಾಲು ಕಾರುಗಳದ್ದು, ಮನುಷ್ಯರದ್ದು ಅದಕ್ಕಿಂತ ಕಡಿಮೆ. 1681ರಲ್ಲಿ ಹಾಲೇರಿ ಅರಸ ಮುದ್ದುರಾಜ ಗುಡ್ಡದ ಏಣಿನ ಮೇಲೆ ಕಟ್ಟಿಸಿದ ಊರಿದು. ಬೀದಿಗಳು ಕುದುರೆಗೂ ಗಾಡಿಗೂ ಆಗುವಷ್ಟು ಅಗಲವಿದ್ದವು, ಇಂದಿಗೂ ಹಲವು ಕಡೆ ಹೆಚ್ಚು ಕಡಿಮೆ ಅಷ್ಟೇ ಇವೆ. 2011ರ ಜನಗಣತಿಯಲ್ಲಿ ಇಡೀ ಕೊಡಗು ಜಿಲ್ಲೆಯ ಜನಸಂಖ್ಯೆಯೇ 5,54,519, ಮಡಿಕೇರಿಯದು ಮೂವತ್ತು ಸಾವಿರಕ್ಕಿಂತ ಸ್ವಲ್ಪ ಮೇಲೆ. ಇಂಥ ಊರಿಗೆ ಐದು ಜನರ ಕುಟುಂಬವೊಂದು ದೊಡ್ಡ ಕಾರಿನಲ್ಲಿ ಬಂದರೆ ಅವರ ಅರ್ಧ ರಜೆ ನಿಲುಗಡೆಯ ಜಾಗ ಹುಡುಕುವುದರಲ್ಲಿ ಕಳೆಯುತ್ತದೆ. ಕಾಲ್ನಡಿಗೆಯಲ್ಲಿ ಬರುವ ಒಬ್ಬರಿಗೆ ಆ ಕಷ್ಟವೇ ಇಲ್ಲ. ವಾಹನ ಓಡಿಸಲು ಬಾರದು ಎಂದು ನೀವು ಸಂಕೋಚದಿಂದ ಬರೆದಿದ್ದೀರಿ, ಆ ವಾರ ಅದು ನಿಮಗೆ ಅನುಕೂಲವೇ ಸರಿ.

ನೀವು ನೋಡಬೇಕಾದದ್ದು ಬಹುತೇಕ ನಡೆಯುವ ದೂರದಲ್ಲಿದೆ. ಬೆಳಗಿನ ಆರೂವರೆಗೆ ಹೊರಟು ಮೊದಲು ಗದ್ದಿಗೆಗೆ ಹೋಗಿ. ದೊಡ್ಡವೀರರಾಜೇಂದ್ರನ ಮತ್ತು ಲಿಂಗರಾಜೇಂದ್ರನ ಸಮಾಧಿಗಳು, ಮೇಲೆ ಗುಮ್ಮಟ, ಮೂಲೆಗಳಲ್ಲಿ ಮಿನಾರಿನಂಥ ಗೋಪುರಗಳು. ಲಿಂಗಾಯತ ಅರಸರ ಸಮಾಧಿಗೆ ಇಂಥ ರೂಪ ಬಂದದ್ದು ಹೇಗೆಂದು ಮಕ್ಕಳಿಗೆ ಒಂದು ಪಾಠವನ್ನೇ ಮಾಡಬಹುದು. ಪಕ್ಕದಲ್ಲಿಯೇ ಟಿಪ್ಪುವಿನ ಸೇನೆಯ ವಿರುದ್ಧ ಹೋರಾಡಿದ ಬಿದ್ದಂಡ ಬೋಪುವಿನ ಸಮಾಧಿಯೂ ಇದೆ. ರಾಜಾಸೀಟಿನಲ್ಲಿ ಕಾಲಿಡಲು ಜಾಗವಿಲ್ಲದ ದಿನವೂ ಗದ್ದಿಗೆಯಲ್ಲಿ ಹತ್ತು ಜನ ಇರುವುದಿಲ್ಲ, ಇದು ನಮಗೆ ಇಂದಿಗೂ ಅಚ್ಚರಿ. ಅಲ್ಲಿಂದ ನಮ್ಮ ಪೇಟೆಯ ಮೂಲಕವೇ ಇಳಿದು, 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ ಓಂಕಾರೇಶ್ವರ ದೇವಸ್ಥಾನಕ್ಕೆ ಬನ್ನಿ. ನಂತರ ಕೋಟೆ. ಮುದ್ದುರಾಜನ ಮಣ್ಣಿನ ಕೋಟೆಯನ್ನು ಟಿಪ್ಪು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಎಂದು ಹೆಸರಿಟ್ಟದ್ದು, 1790ರಲ್ಲಿ ದೊಡ್ಡವೀರರಾಜೇಂದ್ರ ಅದನ್ನು ಮರಳಿ ಪಡೆದದ್ದು, 1834ರಲ್ಲಿ ಇಂಗ್ಲಿಷರ ಕೈ ಸೇರಿದ್ದು ನಿಮಗೆ ಗೊತ್ತಿರುವ ಕಥೆಯೇ. ಅಂಗಳದಲ್ಲಿ ನಿಜವಾದ ಆನೆಯಷ್ಟೇ ಎತ್ತರದ ಎರಡು ಆನೆಗಳಿವೆ. ಇಂಗ್ಲಿಷರು ಕಟ್ಟಿದ ಇಗರ್ಜಿ ಈಗ ಸರ್ಕಾರಿ ವಸ್ತುಸಂಗ್ರಹಾಲಯವಾಗಿದೆ. ಹಬ್ಬದ ದಿನಗಳಲ್ಲಿ ಅದರ ಬಾಗಿಲು ಮುಚ್ಚಿರುವ ಸಂಭವವಿರುವುದರಿಂದ ಬಂದ ದಿನವೇ ನೋಡಿಕೊಳ್ಳಿ.

ರಾಜಾಸೀಟಿಗೆ ಸೂರ್ಯಾಸ್ತಕ್ಕೆ ಹೋಗಬೇಡಿ. ಇಡೀ ಕರ್ನಾಟಕ ಅಲ್ಲಿ ಫೋನ್ ಎತ್ತಿ ಹಿಡಿದು ನಿಂತಿರುತ್ತದೆ. ಮುಂಜಾನೆ ಹೋದರೆ ಕೆಳಗಿನ ಕಣಿವೆಯಲ್ಲಿ ಮಂಜು ಹಾಲಿನಂತೆ ತುಂಬಿರುತ್ತದೆ, ವಾಕಿಂಗಿಗೆ ಬರುವ ನಮ್ಮೂರ ಹಿರಿಯರನ್ನು ಬಿಟ್ಟರೆ ಯಾರೂ ಇರುವುದಿಲ್ಲ. ಅಬ್ಬಿ ಜಲಪಾತ ಎಂಟು ಕಿಲೋಮೀಟರ್, ಬೆಳಿಗ್ಗೆ ಮೊದಲ ಹೊತ್ತಿಗೇ ಆಟೋದಲ್ಲಿ ಹೋಗಿ, ಹೋಗಿಬರುವ ಬಾಡಿಗೆಯನ್ನು ಹತ್ತುವ ಮೊದಲೇ ಮಾತಾಡಿಕೊಳ್ಳಿ. ಮಾಂದಲಪಟ್ಟಿಯನ್ನು ಬಿಟ್ಟುಬಿಡಿ. ಜೀಪಿನವರು ಬಾಡಿಗೆ ಹೇಳುವುದು ಇಡೀ ಜೀಪಿಗೆ, ಒಬ್ಬರಿದ್ದರೂ ಅಷ್ಟೇ ಹಣ. ಆ ವಾರ ಬೆಟ್ಟದ ಮೇಲೆ ಸಹ ಜೀಪುಗಳ ಸಾಲೇ ಕಾಣುತ್ತದೆ. ದುಬಾರೆಯ ಆನೆ ಶಿಬಿರವೂ ಬೇಡ, ದೋಣಿಗೆ ಕಾಯುವುದರಲ್ಲಿ ಬೆಳಗು ಹೋಗುತ್ತದೆ.

ಇಷ್ಟು ಗೊಣಗಿದ ಮೇಲೆ ಇನ್ನೊಂದು ಮಾತನ್ನೂ ಹೇಳಬೇಕು. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದ ಮೇಲೆ ಬಹಳ ದಿನ ಹೊರಗಿನವರು ಯಾರೂ ಇತ್ತ ಸುಳಿಯಲಿಲ್ಲ. ನಾವು ಬಯಸುತ್ತಿದ್ದ ಖಾಲಿ ಬೀದಿಗಳು ಸಿಕ್ಕವು, ಗಲ್ಲಾಪೆಟ್ಟಿಗೆಯೂ ಖಾಲಿಯಾಯಿತು. ಅಂದಿನಿಂದ ಪ್ರವಾಸಿಗರನ್ನು ಬೈಯುವಾಗ ನನ್ನ ಧ್ವನಿ ಸ್ವಲ್ಪ ತಗ್ಗಿದೆ.

ತೋಟದ ಮನೆ, ನಾಪೋಕ್ಲು:

ಮೇಲಿನವರು ಪೇಟೆಯವರು, ಪೇಟೆಯ ಪರವಾಗಿ ಬರೆದಿದ್ದಾರೆ. ನಾವು ನಾಪೋಕ್ಲು ಕಡೆ ಕಾಫಿ ತೋಟದವರು, ಮನೆಯ ಎರಡು ಕೋಣೆಗಳನ್ನು ಅತಿಥಿಗಳಿಗೆ ಕೊಡುತ್ತೇವೆ. ನನ್ನ ಸಲಹೆ ಬೇರೆ. ಆ ವಾರ ಪಟ್ಟಣದಲ್ಲಿ ಒಂದು ಸಾಧಾರಣ ಕೋಣೆಗೂ ಕೇಳಿದಷ್ಟು ಬಾಡಿಗೆ ಕೊಡಬೇಕು, ಇಡೀ ರಾತ್ರಿ ಹಾರನ್ ಸದ್ದನ್ನೂ ಕೇಳಬೇಕು. ಇಪ್ಪತ್ತು ಕಿಲೋಮೀಟರ್ ಹೊರಗೆ ಬಂದರೆ ಜೀರುಂಡೆಯ ಸದ್ದು ಬಿಟ್ಟು ಬೇರೇನೂ ಇರುವುದಿಲ್ಲ.

ಒಬ್ಬರೇ ಬರುವವರಿಗೆ ಹೋಂಸ್ಟೇಯವರು ಹಿಂದೇಟು ಹಾಕುವುದು ನಿಜ, ಅದರ ಕಾರಣವನ್ನು ಮುಚ್ಚಿಡುವುದಿಲ್ಲ. ನಮ್ಮ ದರ ಇಬ್ಬರ ಲೆಕ್ಕದಲ್ಲಿ ಇರುತ್ತದೆ, ಹಬ್ಬದ ದಿನ ಎಂಟು ಜನರ ಗುಂಪು ಸಿಗುವಾಗ ಒಬ್ಬರಿಗೆ ಕೋಣೆ ಕೊಟ್ಟರೆ ನಷ್ಟವೆಂದು ಹಲವರು ಭಾವಿಸುತ್ತಾರೆ. ನನ್ನ ಅನುಭವದಲ್ಲಿ ಆ ಎಂಟು ಜನರ ಗದ್ದಲ, ಒಡೆದ ಲೋಟ, ಬೆಳಿಗ್ಗೆ ಹೆಕ್ಕುವ ಬಾಟಲಿಗಳ ಲೆಕ್ಕ ಹಾಕಿದರೆ ಒಬ್ಬರೇ ಬಂದು ಪುಸ್ತಕ ಓದಿಕೊಂಡು ಕೂರುವವರೇ ಲಾಭ. ಹೀಗೆ ಯೋಚಿಸುವ ಮನೆಗಳು ಇನ್ನೂ ಇವೆ. ಅವನ್ನು ಹುಡುಕುವ ದಾರಿ ಎಂದರೆ ಆ್ಯಪ್‌ನಲ್ಲಿ ಹಣ ಕಟ್ಟುವ ಮೊದಲು ಫೋನ್ ಮಾಡಿ ಮಾತಾಡುವುದು. "ನಾನು ಒಬ್ಬಳೇ, ಸಸ್ಯಾಹಾರಿ, ಬಸ್ಸಿನಲ್ಲಿ ಬರುತ್ತೇನೆ" ಎಂದು ಮೂರನ್ನೂ ಮೊದಲೇ ಹೇಳಿ. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿದೆಯೇ ಎಂದು ಕೇಳಿ. ಎಲ್ಲಕ್ಕಿಂತ ಮುಖ್ಯವಾಗಿ, ಮನೆಯವರು ಅದೇ ಮನೆಯಲ್ಲಿ ವಾಸವಾಗಿದ್ದಾರೆಯೇ ಎಂದು ಕೇಳಿ. ಈಗ ಎಷ್ಟೋ ತೋಟದ ಮನೆಗಳನ್ನು ಹೊರಗಿನವರು ಗುತ್ತಿಗೆಗೆ ಹಿಡಿದು, ಕೆಲಸದ ಹುಡುಗನೊಬ್ಬನನ್ನು ಇಟ್ಟು ನಡೆಸುತ್ತಾರೆ. ಬೋರ್ಡಿನ ಮೇಲೆ ಹೋಂಸ್ಟೇ ಎಂದಿದ್ದರೂ ಅಲ್ಲಿ ಮನೆ ಎಂಬುದು ಇರುವುದಿಲ್ಲ. ಒಂಟಿ ಹೆಂಗಸರು ಅಂಥ ಕಡೆ ಉಳಿಯುವುದನ್ನು ನಾನಂತೂ ಒಪ್ಪುವುದಿಲ್ಲ.

ಊಟದ ಚಿಂತೆ ಬೇಡ. ಕೊಡಗು ಎಂದರೆ ಪಂದಿಕರಿ ಎಂದು ತಿಳಿದವರೇ ಹೆಚ್ಚು, ಆದರೆ ಅಕ್ಕಿ ರೊಟ್ಟಿ, ಕಡಂಬುಟ್ಟು, ನೂಲ್‌ಪುಟ್ಟು, ಪಾಪುಟ್ಟು ಯಾವುದಕ್ಕೂ ಮಾಂಸ ಬೇಕಿಲ್ಲ. ತರಕಾರಿ ಪಲ್ಯದೊಂದಿಗೆ, ಇಲ್ಲವೇ ಕಾಯಿಹಾಲಿನೊಂದಿಗೆ ತಿನ್ನಬಹುದು.

ಎಚ್ಚರದ ಮಾತು ಒಂದಿದೆ. ಸಂಜೆ ಆರರ ನಂತರ ತೋಟದ ರಸ್ತೆಯಲ್ಲಿ ಒಬ್ಬರೇ ನಡೆಯಬೇಡಿ. ನಾನು ಹೇಳುತ್ತಿರುವುದು ಕಳ್ಳರ ವಿಷಯವಲ್ಲ, ಆನೆಯ ವಿಷಯ. ಸಿದ್ದಾಪುರದ ಕಡೆ ಆನೆಗಳು ತೋಟದಲ್ಲಿಯೇ ಬೀಡು ಬಿಡುತ್ತವೆ, ಅವುಗಳ ಹಾವಳಿಯಲ್ಲಿ ಕೆಲಸಕ್ಕೆ ಹೋದ ಕಾರ್ಮಿಕರು ಪ್ರಾಣ ಕಳೆದುಕೊಂಡಿದ್ದಾರೆ. ಕಾಫಿ ಗಿಡಗಳ ನಡುವೆ ನಿಂತ ಆನೆ ಹತ್ತು ಹೆಜ್ಜೆ ದೂರದವರೆಗೂ ಕಣ್ಣಿಗೆ ಬೀಳುವುದಿಲ್ಲ. ನೀವು ಇಳಿಯುವ ಬಸ್ ನಿಲ್ದಾಣಕ್ಕೆ ಕರೆಯಲು ಬರುವಂತೆ ಮನೆಯವರಿಗೆ ತಿಳಿಸಿಡಿ.

ನಿಮ್ಮಂಥವರಿಗೆ ಈ ಕಡೆ ನೋಡಲು ನಾಲ್ಕುನಾಡು ಅರಮನೆ ಇದೆ. ನಾಪೋಕ್ಲಿನಿಂದ ಕಕ್ಕಬ್ಬೆಯ ಬಸ್ಸು ಹತ್ತಿ, ಇಳಿದ ಮೇಲೆ ಜೀಪೋ ಆಟೋವೋ ಹಿಡಿಯಬೇಕು. ದೊಡ್ಡವೀರರಾಜೇಂದ್ರ ಕಾಡಿನ ನಡುವೆ ಕಟ್ಟಿಸಿದ ಈ ಚಿಕ್ಕ ಅರಮನೆಯಲ್ಲಿಯೇ ಕೊನೆಯ ಅರಸ ಚಿಕ್ಕವೀರರಾಜೇಂದ್ರ 1834ರಲ್ಲಿ ಆಶ್ರಯ ಪಡೆದಿದ್ದ. ಹಿಂದೆಯೇ ತಡಿಯಂಡಮೋಳ್, 1,748 ಮೀಟರ್, ಜಿಲ್ಲೆಯ ಅತಿ ಎತ್ತರದ ಬೆಟ್ಟ. ಅದನ್ನು ಕೆಳಗಿನಿಂದ ನೋಡಿದರೆ ಸಾಕು, ಒಬ್ಬರೇ ಹತ್ತಬೇಡಿ. ಪಾಡಿ ಇಗ್ಗುತಪ್ಪ ದೇವಸ್ಥಾನವೂ ಅದೇ ದಿಕ್ಕಿನಲ್ಲಿದೆ. ಮಳೆ ಕೊಡುವ ದೇವರೆಂದು ನಾವು ನಡೆದುಕೊಳ್ಳುವ ಜಾಗ ಅದು.

ವಿರಾಜಪೇಟೆಯ ನರ್ಸ್:

ಅಕ್ಕಾ, ನಾನು ಹಾವೇರಿ ಜಿಲ್ಲೆಯವಳು. ವಿರಾಜಪೇಟೆಗೆ ಕೆಲಸಕ್ಕೆ ಬಂದು ಒಂಬತ್ತು ವರ್ಷವಾಯಿತು, ಅದರಲ್ಲಿ ಐದು ವರ್ಷ ಒಬ್ಬಳೇ ಕೋಣೆ ಮಾಡಿಕೊಂಡಿದ್ದೆ. ತೋಟದ ಮನೆಯವರು ಹೇಳಿದ್ದೆಲ್ಲ ಸರಿ, ವಿಜಯದಶಮಿಯ ರಾತ್ರಿಯೊಂದನ್ನು ಬಿಟ್ಟು. ಆ ರಾತ್ರಿ ನೀವು ನಾಪೋಕ್ಲಿನಲ್ಲಿದ್ದರೆ ದಶಮಂಟಪ ನೋಡಿ ವಾಪಸ್ ಹೋಗುವುದು ಹೇಗೆ? ಮಂಟಪಗಳು ಬೀದಿಗೆ ಇಳಿಯುವ ಹೊತ್ತಿಗೆ ಹಳ್ಳಿಯ ಬಸ್ಸುಗಳು ಹೋಗಿ ಆಗಿರುತ್ತವೆ. ಟ್ಯಾಕ್ಸಿ ಸಿಕ್ಕರೂ ಅದು ಪಟ್ಟಣದಿಂದ ಹೊರಬೀಳಲು ಬೆಳಗಾಗಬೇಕು. ಆದ್ದರಿಂದ ಆ ರಾತ್ರಿಗಾದರೂ ಮಡಿಕೇರಿಯಲ್ಲಿ, ನಡೆದು ಹೋಗುವ ದೂರದಲ್ಲಿ ಕೋಣೆ ಹಿಡಿಯಿರಿ. ಎರಡು ತಿಂಗಳು ಮೊದಲೇ ಹಿಡಿಯಬೇಕು.

ಒಬ್ಬಳೇ ನಿಲ್ಲಬಹುದೇ ಎಂದು ಕೇಳಿದ್ದೀರಿ. ನಾನು ನಾಲ್ಕು ಬಾರಿ ನಿಂತಿದ್ದೇನೆ, ಎರಡು ಬಾರಿ ಒಬ್ಬಳೇ. ಅದು ಗಂಡಸರೇ ತುಂಬಿದ ಜಾತ್ರೆಯಲ್ಲ. ಅಜ್ಜಿಯರು ಮಡಿಚುವ ಕುರ್ಚಿ ತಂದು ಕೂರುತ್ತಾರೆ, ಹೆಗಲ ಮೇಲೆ ಮಗು ಹೊತ್ತವರು ಇರುತ್ತಾರೆ, ಊರಿಗೆ ಊರೇ ಎಚ್ಚರವಿರುತ್ತದೆ. ಟ್ರ್ಯಾಕ್ಟರುಗಳ ಮೇಲೆ ಆಳೆತ್ತರಕ್ಕಿಂತ ದೊಡ್ಡ ದೇವತೆಗಳ, ರಾಕ್ಷಸರ ಬೊಂಬೆಗಳು ಕೈ ಕಾಲು ಆಡಿಸುತ್ತಾ, ಬೆಳಕು ಹೊಗೆಗಳ ನಡುವೆ ಪುರಾಣದ ಒಂದೊಂದು ಕಥೆಯನ್ನು ನಡೆಸಿ ತೋರಿಸುತ್ತವೆ. ಮಂಟಪಗಳನ್ನು ಹಿಂಬಾಲಿಸಿ ಓಡುವವರೇ ನೂಕುನುಗ್ಗಲಿಗೆ ಸಿಕ್ಕಿಕೊಳ್ಳುವುದು. ನೀವು ಹಾಗೆ ಮಾಡಬೇಡಿ. ಅವು ಹೋಗುವ ದಾರಿಯಲ್ಲಿ ಅಂಗಡಿಯ ಮೆಟ್ಟಿಲಿರುವ ಒಂದು ಜಾಗ ನೋಡಿಟ್ಟುಕೊಂಡು, ಮಕ್ಕಳೊಂದಿಗೆ ಬಂದ ಮನೆಯವರ ಪಕ್ಕ ನಿಂತರೆ ಹತ್ತೂ ಮಂಟಪಗಳು ಒಂದೊಂದಾಗಿ ನಿಮ್ಮ ಮುಂದೆಯೇ ಬರುತ್ತವೆ. ಮಧ್ಯಾಹ್ನ ಚೆನ್ನಾಗಿ ನಿದ್ದೆ ಮಾಡಿ ಹತ್ತು ಗಂಟೆಗೆ ಹೊರಬನ್ನಿ. ಧ್ವನಿವರ್ಧಕಗಳ ಸದ್ದಿಗೆ ಎದೆ ನಡುಗುತ್ತದೆ, ಕಿವಿಗೆ ಹತ್ತಿ ಇಟ್ಟುಕೊಳ್ಳಿ. ಫೋನ್ ಸಿಗ್ನಲ್ ನೆಚ್ಚಬೇಡಿ. ಶೌಚಾಲಯದ ಕಷ್ಟ ಇದ್ದೇ ಇದೆ, ಕೋಣೆ ಹತ್ತಿರವಿರಲಿ ಎಂದು ಹೇಳಲು ಅದೂ ಒಂದು ಕಾರಣ. ಇದನ್ನು ಗಂಡಸರು ಯಾರೂ ಬರೆಯುವುದಿಲ್ಲವಾದ್ದರಿಂದ ನಾನೇ ಬರೆಯುತ್ತಿದ್ದೇನೆ.

ಗದ್ದಲ ಬೇಡವೆನಿಸಿದರೆ ಕರಗ ನೋಡಿ. ಮಡಿಕೇರಿಯ ದಸರೆ ಆರಂಭವಾಗುವುದೇ ನಾಲ್ಕು ಶಕ್ತಿದೇವತೆಗಳ ಕರಗದಿಂದ: ಕುಂದುರುಮೊಟ್ಟೆ ಚೌಟಿ ಮಾರಿಯಮ್ಮ, ದಂಡಿನ ಮಾರಿಯಮ್ಮ, ಕಂಚಿ ಕಾಮಾಕ್ಷಿಯಮ್ಮ, ಕೋಟೆ ಮಾರಿಯಮ್ಮ. ಮೊದಲ ದಿನ ಪಂಪಿನಕೆರೆಯಿಂದ ಹೊರಟ ಕರಗಗಳು ನಂತರದ ದಿನಗಳಲ್ಲಿ ಮನೆ ಮನೆಯ ಮುಂದೆ ಬಂದು ಪೂಜೆ ಪಡೆಯುತ್ತವೆ. ಹೊರಗಿನಿಂದ ಬಂದವರು ಬಹುತೇಕ ಮಂಟಪಕ್ಕೆ ಮಾತ್ರ ಬರುವುದರಿಂದ ಆ ಹೊತ್ತಿಗೆ ಬೀದಿಯಲ್ಲಿ ಇರುವವರು ಊರಿನವರೇ.

ಧಾರವಾಡದ ಟೀಚರ್:

ಮೂವರಿಗೂ ಮನಸಾರೆ ವಂದನೆಗಳು. ಮೊದಲ ಮೂರು ರಾತ್ರಿ ಪಟ್ಟಣದಲ್ಲಿ, ಕೊನೆಯದು ನಾಪೋಕ್ಲು ಕಡೆ ಎಂದು ತೀರ್ಮಾನಿಸಿದ್ದೇನೆ. ಮಾಂದಲಪಟ್ಟಿ, ದುಬಾರೆಗಳನ್ನು ಪಟ್ಟಿಯಿಂದ ಹೊಡೆದು ಹಾಕಿದೆ. ಎರಡು ಸಂಶಯಗಳು ಉಳಿದಿವೆ. ಮೈಸೂರಿನ ಮೇಲೆ ಬರಬೇಕೆಂದರೆ ಅಲ್ಲಿಯೂ ದಸರೆ, ಬಸ್ಸು ಸಿಕ್ಕೀತೇ? ತಲಕಾವೇರಿಗೆ ಬಸ್ಸಿನಲ್ಲಿಯೇ ಹೋಗಿಬರಬಹುದೇ?

ಕಿಟಕಿ ಸೀಟು, ಸೋಮವಾರಪೇಟೆ:

ಮೈಸೂರಿಗೆ ಹೋಗಲೇಬೇಡಿ. ಕೊಡಗಿಗೆ ರೈಲು ಇಲ್ಲ, ಆದರೆ ಹುಬ್ಬಳ್ಳಿ ಕಡೆಯಿಂದ ಅರಸೀಕೆರೆ, ಹಾಸನದ ಮಾರ್ಗವಾಗಿ ಮೈಸೂರಿಗೆ ಹೋಗುವ ರೈಲು ಇದೆ. ಹಾಸನದಲ್ಲಿ ಇಳಿದು ಸೋಮವಾರಪೇಟೆಯ ಮೇಲೆ ಬರುವ ಬಸ್ಸು ಹಿಡಿಯಿರಿ. ಸೀಟಿಗೆ ಪೈಪೋಟಿ ಕಡಿಮೆ, ದಾರಿಯೂ ಚೆಂದ. ಸರ್ಕಾರಿ ಸಾಮಾನ್ಯ ಬಸ್ಸಾದರೆ ಶಕ್ತಿ ಯೋಜನೆಯಲ್ಲಿ ನಿಮಗೆ ಟಿಕೆಟ್ ಉಚಿತ, ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ಕೈಯಲ್ಲಿರಲಿ. ಜಿಲ್ಲೆಯೊಳಗೆ ಓಡುವ ಖಾಸಗಿ ಬಸ್ಸುಗಳಿಗೆ ಅದು ಅನ್ವಯಿಸುವುದಿಲ್ಲ, ಚಿಲ್ಲರೆ ಇಟ್ಟುಕೊಳ್ಳಿ.

ಮಹದೇವಪೇಟೆಯವ:

ತಲಕಾವೇರಿಗೆ ಬಸ್ಸಿನಲ್ಲಿ ಹೋಗಬಹುದು. ಬೆಟ್ಟಗೇರಿ, ಚೇರಂಬಾಣೆಯ ಮೇಲೆ ಭಾಗಮಂಡಲಕ್ಕೆ ಸುಮಾರು ನಲವತ್ತು ಕಿಲೋಮೀಟರ್, ಅಲ್ಲಿಂದ ಮೇಲಕ್ಕೆ ಎಂಟು. ಮೇಲಿನ ಎಂಟು ಕಿಲೋಮೀಟರಿಗೆ ಬಸ್ಸು ಕಡಿಮೆಯಾದ್ದರಿಂದ ಭಾಗಮಂಡಲದಲ್ಲಿ ಜೀಪು ಹಂಚಿಕೊಳ್ಳಬೇಕಾದೀತು. ಕುಟುಂಬವೊಂದನ್ನು ನೋಡಿ ಕೇಳಿದರೆ ಜಾಗ ಕೊಡುತ್ತಾರೆ. ಹೊರಡುವ ಮುನ್ನ ಪಂಚಾಂಗ ನೋಡಿಕೊಳ್ಳಿ. ಅಕ್ಟೋಬರ್ 17ರ ಆಸುಪಾಸಿನ ತುಲಾ ಸಂಕ್ರಮಣದಲ್ಲಿ ಅಲ್ಲಿ ಕಾವೇರಿ ಉಕ್ಕಿ ಬರುವ ತೀರ್ಥೋದ್ಭವ ಇರುತ್ತದೆ, ಕೆಲವು ವರ್ಷ ಅದು ದಸರೆಯ ಬೆನ್ನಿಗೇ ಬರುತ್ತದೆ. ಹಾಗೆ ಬಂದ ವರ್ಷ ಆ ರಸ್ತೆಯಲ್ಲಿ ಭಕ್ತರದ್ದೇ ಸಾಲು. ನಮ್ಮ ಮನೆಯವರೂ ಆ ಸಾಲಿನಲ್ಲಿರುತ್ತಾರೆ, ಅದರ ಬಗ್ಗೆ ನಾನು ದೂರು ಹೇಳುವ ಹಾಗಿಲ್ಲ.

ತೋಟದ ಮನೆ, ನಾಪೋಕ್ಲು:

ಬರುವಾಗ ಕೊಡೆಯ ಜೊತೆ ಒಂದು ಟಾರ್ಚ್ ತನ್ನಿ. ಅಕ್ಟೋಬರಿನಲ್ಲಿ ಮಧ್ಯಾಹ್ನದ ಮೇಲೆ ಗುಡುಗಿ ಮಳೆ ಬಂದರೆ ನಮ್ಮ ಕಡೆ ಕರೆಂಟು ಹೋಗುತ್ತದೆ, ಯಾವಾಗ ಬರುತ್ತದೆಂದು ಲೈನ್‌ಮನ್‌ಗೂ ತಿಳಿಯದು. ನಾಲ್ಕುನಾಡು ಅರಮನೆಯ ಹುಲ್ಲಿನಲ್ಲಿ ಜಿಗಣೆ ಇರುತ್ತದೆ. ಕಾಲಿಗೆ ಉದ್ದ ಸಾಕ್ಸ್ ಹಾಕಿ, ಹತ್ತಿದರೆ ಕಿತ್ತು ಎಳೆಯಬೇಡಿ, ಸ್ವಲ್ಪ ಉಪ್ಪು ಮುಟ್ಟಿಸಿದರೆ ತಾನಾಗಿ ಬಿಡುತ್ತದೆ. ಉಪ್ಪಿನ ಪೊಟ್ಟಣವನ್ನು ನೀವು ಉಳಿಯುವ ಮನೆಯವರೇ ಕಟ್ಟಿ ಕೊಡುತ್ತಾರೆ.